ಮಣಿಕಟ್ಟಿಗೆ ಯಾವ ವಾಚು? ರಿಪೇರಿ ಮೇಜಿನಿಂದ ಕೆಲವು ಪಾಠಗಳು

ಬೆಂಗಳೂರಿನಲ್ಲಿ ವಾಚು ರಿಪೇರಿ ಮಾಡುತ್ತಾ, ಮಾರುತ್ತಾ ಬಂದವನು ನಾನು. ಹಿಂದೆ ಅಂಗಡಿಗೆ ಬಂದವರು ಎಚ್‌ಎಂಟಿ ಒಳ್ಳೆಯದೋ ಟೈಟಾನ್ ಒಳ್ಳೆಯದೋ ಎಂದು ಕೇಳುತ್ತಿದ್ದರು. ಈಗಿನ ಪ್ರಶ್ನೆ ಬೇರೆ: “ಸ್ವಲ್ಪ ದುಡ್ಡು ಕೂಡಿಟ್ಟಿದೀನಿ ಸಾರ್. ಒಂದು ಒಳ್ಳೆ ಸ್ವಿಸ್ ವಾಚು ತಗೊಳ್ಳೋದಾ, ಇಲ್ಲಾ ಹೆಜ್ಜೆ, ಹಾರ್ಟ್‌ಬೀಟ್ ಎಲ್ಲ ತೋರಿಸೋ ಸ್ಮಾರ್ಟ್‌ವಾಚಾ?” ಎರಡನ್ನೂ ಕೈಗೇ ಕಟ್ಟುತ್ತೇವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ನಂಟು ಕಡಿಮೆ. ಒಂದು ರಿಪೇರಿ ಮಾಡಿಸಿಕೊಂಡು ಬಾಳಲೆಂದೇ ಹುಟ್ಟಿದ ವಸ್ತು. ಇನ್ನೊಂದು ಕೆಲವು ವರ್ಷ ದುಡಿದು ಜಾಗ ಬಿಟ್ಟುಕೊಡುವ ವಸ್ತು. ಇದು ಮನಸ್ಸಿನಲ್ಲಿದ್ದರೆ ಮುಂದಿನ ಮಾತುಗಳೆಲ್ಲ ಸುಲಭ.

1. ಸಮಯ ನೋಡುವುದಕ್ಕಾಗಿ ಲಕ್ಷ ಕೊಡಬೇಡಿ

ಕೀ ಕೊಡುವ ವಾಚಾಗಲಿ, ಕೈಯಾಡಿದಂತೆ ತಾನೇ ಸುತ್ತಿಕೊಳ್ಳುವ ಆಟೊಮ್ಯಾಟಿಕ್ ಆಗಲಿ, ಒಳಗೆ ನಡೆಯುವುದು ಒಂದೇ. ಬಿಗಿದ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಚಕ್ರಗಳನ್ನು ತಳ್ಳುತ್ತದೆ. ಬ್ಯಾಲೆನ್ಸ್ ವೀಲು ಅತ್ತಿತ್ತ ಆಡುತ್ತಾ ಆ ಓಟವನ್ನು ಅಳೆದು ಅಳೆದು ಬಿಡುತ್ತದೆ. ಇಂದಿನ ಬಹಳಷ್ಟು ಸ್ವಿಸ್ ಮೆಷಿನ್ನುಗಳು ಗಂಟೆಗೆ 28,800 ಸಲ, ಅಂದರೆ ದಿನಕ್ಕೆ 6,91,200 ಸಲ ಮಿಡಿಯುತ್ತವೆ. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೋಮೀಟರ್ ಪರೀಕ್ಷೆ ಪಾಸಾಗಬೇಕಾದರೆ ದಿನದ ಸರಾಸರಿ 4 ಸೆಕೆಂಡಿಗಿಂತ ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಮುಂದೆ ಓಡಬಾರದು. ಲೋಹದ ತುಣುಕುಗಳಿಂದ ಇಷ್ಟು ಕರಾರುವಾಕ್ಕಾದ ಕೆಲಸ ತೆಗೆಯುವುದು ಮನುಷ್ಯನ ಕೈಚಳಕದ ದೊಡ್ಡ ಗೆಲುವು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಆದರೂ ಸೆಲ್ ಹಾಕಿದ ಸಾಧಾರಣ ಕ್ವಾರ್ಟ್ಜ್ ವಾಚು ಇದನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಪ್ಪಿದರೂ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡು. ಸ್ಮಾರ್ಟ್‌ವಾಚು ಫೋನಿನಿಂದ ಸಮಯ ಸರಿಮಾಡಿಕೊಳ್ಳುತ್ತಲೇ ಇರುತ್ತದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಿಟ್ಟಾಗಲೇ ನಿಖರತೆಯ ಪಂದ್ಯ ಮುಗಿದಿತ್ತು. ದುಬಾರಿ ವಾಚಿಗೆ ನೀವು ಕೊಡುವುದು ಕುಸುರಿಗೆ, ಲೋಹಕ್ಕೆ, ಹೆಸರಿಗೆ. ಅವು ನಿಮ್ಮ ಮನಸ್ಸನ್ನು ಮುಟ್ಟದಿದ್ದರೆ ಆ ದುಡ್ಡು ಬೇರೆ ಕೆಲಸಕ್ಕಿರಲಿ.

2. ಬೆಲೆ ಕೇಳುವ ಮೊದಲು ಆಯುಸ್ಸು ಕೇಳಿ

ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ವಾಚು ತಯಾರಿಕೆ ಶುರುಮಾಡಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಂಪನಿ ಹೋಯಿತು, ಆದರೆ ಅದರ ‘ಜನತಾ’ ವಾಚುಗಳು ಈಗಲೂ ನನ್ನ ಮೇಜಿಗೆ ಬರುತ್ತವೆ. ಹದಿನೇಳು ಜ್ಯುವೆಲ್ಲಿನ ಆ ಮೆಷಿನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಕೀ ಕೊಟ್ಟರೆ ಹೆಚ್ಚಿನವು ಮತ್ತೆ ಓಡುತ್ತವೆ. ಸವೆದ ಭಾಗಕ್ಕೆ ಇನ್ನೊಂದು ಹಳೆಯ ಮೆಷಿನ್ನಿನಿಂದ ಬದಲಿ ಸಿಗುತ್ತದೆ. ತಯಾರಕನಿಲ್ಲದಿದ್ದರೂ ಬದುಕುವ ವಸ್ತು ಅದು.

ಇದಕ್ಕೆ ಎದುರಾಗಿ ಇನ್ನೊಂದನ್ನು ನೋಡಿ. 2015ರ ಏಪ್ರಿಲ್‌ನಲ್ಲಿ ಮೊದಲ ಆಪಲ್ ವಾಚು ಮಾರುಕಟ್ಟೆಗೆ ಬಂದಾಗ ಅದರಲ್ಲಿ 18 ಕ್ಯಾರಟ್ ಚಿನ್ನದ ಮಾದರಿಯೂ ಇತ್ತು. ಬೆಲೆ 10,000 ಡಾಲರಿನಿಂದ ಶುರು. 2018ರಲ್ಲಿ ಬಂದ ಹೊಸ ಸಾಫ್ಟ್‌ವೇರು ಆ ಮೊದಲ ತಲೆಮಾರಿನ ಯಾವ ವಾಚಿಗೂ ಸಿಗಲಿಲ್ಲ, ಚಿನ್ನದ್ದಕ್ಕೂ ಇಲ್ಲ. 2023ರಲ್ಲಿ ಕಂಪನಿ ಅದನ್ನು ಸರ್ವಿಸ್ ಸಿಗದ ಹಳೆಯ ಸರಕುಗಳ ಪಟ್ಟಿಗೆ ಸೇರಿಸಿತು. ಚಿನ್ನ ಹಾಗೇ ಉಳಿಯಿತು, ವಾಚು ಮುಗಿಯಿತು. ಅದೇ 2015ರಲ್ಲಿ ಟ್ಯಾಗ್ ಹ್ಯೂಯರ್ ಎಂಬ ಸ್ವಿಸ್ ಕಂಪನಿ 1,500 ಡಾಲರಿನ ಸ್ಮಾರ್ಟ್‌ವಾಚು ಬಿಟ್ಟಾಗ, ಎರಡು ವರ್ಷವಾದ ಮೇಲೆ ಅದನ್ನು ವಾಪಸ್ ಕೊಟ್ಟು, ಮತ್ತಷ್ಟು ಹಣ ಸೇರಿಸಿ ಮೆಕ್ಯಾನಿಕಲ್ ವಾಚು ಪಡೆಯುವ ಅವಕಾಶವನ್ನೂ ಇಟ್ಟಿತು. ತಲೆಮಾರುಗಳಿಂದ ವಾಚು ಮಾಡಿದವರಿಗೆ ಎರಡರ ಆಯುಸ್ಸಿನ ಅಂತರ ಚೆನ್ನಾಗಿ ಗೊತ್ತಿತ್ತು.

ಸ್ಮಾರ್ಟ್‌ವಾಚಿನ ಆಯುಸ್ಸು ಎರಡು ಕಡೆಯಿಂದ ಸವೆಯುತ್ತದೆ. ಒಂದು, ಲಿಥಿಯಂ ಬ್ಯಾಟರಿ. 1,000 ಪೂರ್ತಿ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಯುವಂತೆ ಮಾಡಿದ್ದೇವೆ ಎಂದು ಆಪಲ್ ಹೇಳುತ್ತದೆ. ದಿನವೂ ಚಾರ್ಜ್ ಮಾಡಿದರೆ ಅದು ಸುಮಾರು ಮೂರು ವರ್ಷದ ಲೆಕ್ಕ. ಗಾರ್ಮಿನ್‌ನಂಥ ಓಟಗಾರರ ವಾಚುಗಳಲ್ಲಿ ಒಂದು ಚಾರ್ಜು ಹಲವು ದಿನ ಬರುವುದರಿಂದ ಬ್ಯಾಟರಿ ನಿಧಾನವಾಗಿ ಸವೆಯುತ್ತದೆ. ಇನ್ನೊಂದು, ಆಪಲ್ ವಾಚಿನಲ್ಲಿ ಕಂಡಂತೆ, ಸಾಫ್ಟ್‌ವೇರು. ನನ್ನ ಸಲಹೆ ಇಷ್ಟೆ: ಸ್ಮಾರ್ಟ್‌ವಾಚಿನ ಬೆಲೆಯನ್ನು ನಾಲ್ಕು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ ಬರುವ ಮೊತ್ತ ಒಪ್ಪಿಗೆಯಾದರೆ ಕೊಳ್ಳಿ.

3. ದುಬಾರಿ ವಾಚಿನ ಖರ್ಚು ಬಿಲ್ಲಿಗೆ ಮುಗಿಯುವುದಿಲ್ಲ

ಒಳಗಿನ ಎಣ್ಣೆ ಒಣಗುತ್ತದೆ. ಐದರಿಂದ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಬೇಕೇ ಬೇಕು. ವಾಚು ಓಡುತ್ತಿದೆಯಲ್ಲ ಎಂದು ಬಿಟ್ಟವರ ಮೆಷಿನ್ನಿನಲ್ಲಿ ಒಣ ಲೋಹಕ್ಕೆ ಲೋಹ ಉಜ್ಜಿ ಸವೆದ ಪುಡಿ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ದೊಡ್ಡ ಕಂಪನಿಗಳಲ್ಲಿ ಹಲವು, ಬಿಡಿಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಕೊಡುತ್ತವೆ. ನನ್ನಂಥವನಿಗೆ ಕೆಲಸ ಗೊತ್ತಿದ್ದರೂ ಪಾರ್ಟು ಸಿಗುವುದಿಲ್ಲ. ಹಾಗಾಗಿ ಕೊಳ್ಳುವ ದಿನವೇ ಸರ್ವಿಸ್ ಎಲ್ಲಿ, ಎಷ್ಟು, ವಾಚು ಎಷ್ಟು ವಾರ ಅವರ ಬಳಿ ಇರುತ್ತದೆ ಎಂದು ಬಾಯಿಬಿಟ್ಟು ಕೇಳಿ. ಸ್ಟಾಪ್‌ವಾಚಿನಂತೆ ಕೆಲಸ ಮಾಡುವ ಕ್ರೊನೋಗ್ರಾಫ್ ಇದ್ದರೆ ಸರ್ವಿಸ್ ಖರ್ಚು ಇನ್ನೂ ಹೆಚ್ಚು. ಮೊದಲ ಮೆಕ್ಯಾನಿಕಲ್ ವಾಚು ಕೊಳ್ಳುವವರಿಗೆ ನಾನು ಮೂರು ಮುಳ್ಳು, ಒಂದು ತಾರೀಖು, ಅಷ್ಟೇ ಸಾಕು ಎನ್ನುತ್ತೇನೆ.

4. ವಾಚು ಚಿನ್ನದ ಸರವಲ್ಲ

ನಮ್ಮ ಮನೆಗಳಲ್ಲಿ ಒಡವೆ ಎಂದರೆ ಕಷ್ಟಕಾಲಕ್ಕೆ ಆಸರೆ. ಅದೇ ಲೆಕ್ಕದಲ್ಲಿ ವಾಚು ಕೊಳ್ಳುವವರು ಹೆಚ್ಚಾಗಿದ್ದಾರೆ. ಇದನ್ನು ಕಂಡರೆ ನನಗೆ ಆತಂಕವಾಗುತ್ತದೆ. ವಾಚಿನ ಚಿನ್ನ ಸಾಮಾನ್ಯವಾಗಿ 18 ಕ್ಯಾರಟ್, ಅದರ ತೂಕದ ಬೆಲೆ ನೀವು ಕೊಟ್ಟ ಬೆಲೆಯ ಒಂದು ಪಾಲು ಮಾತ್ರ. ರೋಲೆಕ್ಸ್, ಪಟೆಕ್ ಫಿಲಿಪ್, ಆಡೆಮಾರ್ ಪಿಗೆ ಕಂಪನಿಗಳ ಕೆಲವು ಮಾದರಿಗಳು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗಿದ್ದು ನಿಜ. 2022ರ ಆರಂಭದಲ್ಲಿ ಆ ಬೆಲೆಗಳು ತುದಿ ಮುಟ್ಟಿ ಆಮೇಲೆ ಇಳಿದದ್ದೂ ಅಷ್ಟೇ ನಿಜ. ಉಳಿದ ಬಹುಪಾಲು ವಾಚುಗಳ ಬೆಲೆ ಅಂಗಡಿಯ ಬಾಗಿಲು ದಾಟಿದ ಕೂಡಲೇ ಇಳಿಯುತ್ತದೆ. ಮೇಲಾಗಿ ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ದೇಶಗಳ ಜೊತೆ ಭಾರತದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ತಗ್ಗಲಿದೆ. ಕಟ್ಟಿಕೊಂಡು ಸಂತೋಷಪಡಲು ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿ. ಕಪಾಟಿನಲ್ಲಿಟ್ಟು ಲಾಭ ಎಣಿಸುವವರು ಇನ್ನೊಮ್ಮೆ ಯೋಚಿಸಲಿ.

5. ಹಸಿರು ಬೆಳಕು ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಸ್ಮಾರ್ಟ್‌ವಾಚು ಕೊಳ್ಳುವವರಲ್ಲಿ ಅರ್ಧದಷ್ಟು ಮಂದಿ ಆರೋಗ್ಯದ ಭಯದಿಂದ ಬರುತ್ತಾರೆ. ಮನೆಯಲ್ಲಿ ಯಾರಿಗೋ ಹೃದಯಾಘಾತವಾಗಿರುತ್ತದೆ, ಚಿಕ್ಕ ವಯಸ್ಸಿನ ಸ್ನೇಹಿತ ತೀರಿಕೊಂಡಿರುತ್ತಾನೆ. ಅಂಥವರಿಗೆ ಸರಕು ಮಾರುವ ಮುಂಚೆ ವಿಷಯ ಬಿಡಿಸಿ ಹೇಳುವುದು ನಮ್ಮ ಧರ್ಮ.

ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದೊಳಕ್ಕೆ ಹೋಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ನಾಡಿ ಮಿಡಿದಾಗ ರಕ್ತ ಹೆಚ್ಚು, ವಾಪಸ್ ಬರುವ ಬೆಳಕು ಕಡಿಮೆ. ಈ ಏರಿಳಿತವನ್ನೇ ವಾಚು ಎಣಿಸುವುದು. ಸುಮ್ಮನೆ ಕೂತಾಗ, ನಿದ್ದೆಯಲ್ಲಿ, ಒಂದೇ ಲಯದಲ್ಲಿ ನಡೆಯುವಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಲ್ಟು ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ, ಚರ್ಮದ ಮೇಲೆ ಹಚ್ಚೆ ಇದ್ದರೆ, ಜಿಮ್ಮಿನಲ್ಲಿ ಭಾರ ಹಿಡಿದು ಮಣಿಕಟ್ಟು ಮಡಿಸಿದರೆ ತಪ್ಪುತ್ತದೆ. ಅಗ್ಗದ ಕೆಲವು ವಾಚುಗಳನ್ನು ಸುತ್ತಿದ ಟವೆಲ್ಲಿಗೆ ಕಟ್ಟಿದರೂ ನಾಡಿ ತೋರಿಸುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ, ಯಾರೂ ಬೇಸರಪಡಬೇಕಿಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರುಗಳೇ ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು ಎಂಬ ಎಚ್ಚರಿಕೆ ಇರುವಾಗ, ಮಣಿಕಟ್ಟಿನ ಆಮ್ಲಜನಕದ ಅಂಕಿಯನ್ನೇ ನೆಚ್ಚಿಕೊಳ್ಳಬಾರದು.

ನಿಜವಾಗಿ ಉಪಯೋಗವಾಗುವುದು ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ವಿಷಯದಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆಪಲ್ ಜೊತೆ ಸೇರಿ ಅಮೆರಿಕದಲ್ಲಿ 4.19 ಲಕ್ಷ ಜನರನ್ನು ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಲಯ ತಪ್ಪಿದೆ ಎಂಬ ಸೂಚನೆ ಹೋದದ್ದು ಶೇಕಡಾ 0.52 ಜನರಿಗೆ ಮಾತ್ರ. ಅವರಲ್ಲಿ ಆಮೇಲೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರ ಪೈಕಿ ಶೇಕಡಾ 34 ಮಂದಿಯಲ್ಲಿ ತೊಂದರೆ ಕಂಡಿತು. ಸೂಚನೆ ಬಂದರೆ ಡಾಕ್ಟರ ಬಳಿ ಹೋಗಬೇಕು, ಹೆದರಿ ಕಂಗೆಡಬೇಕಿಲ್ಲ. ಈ ಯಾವ ವಾಚೂ ಹೃದಯಾಘಾತವನ್ನು ಹಿಡಿಯುವುದಿಲ್ಲ. ಕಂಪನಿಗಳೇ ಹಾಗೆಂದು ಬರೆದಿವೆ. ಎದೆ ನೋವು ಬಂದಾಗ ವಾಚು ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನು ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಸುಳ್ಳು ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಬಿಪಿಯ ಮಾತೂ ಹೀಗೇ. ಸ್ಯಾಮ್ಸಂಗ್‌ನ ವಾಚಿನಲ್ಲಿ ಬಿಪಿ ನೋಡಬೇಕಾದರೆ ತೋಳಿಗೆ ಪಟ್ಟಿ ಕಟ್ಟುವ ಯಂತ್ರದ ಜೊತೆ 28 ದಿನಕ್ಕೊಮ್ಮೆ ತಾಳೆ ಹಾಕಲೇಬೇಕು. ಯಾವ ತಾಳೆಯೂ ಇಲ್ಲದೆ ಬಿಪಿ ತೋರಿಸುವ ಎರಡು ಸಾವಿರ ರೂಪಾಯಿಯ ವಾಚನ್ನು ನಾನು ಬಿಪಿಗೆಂದು ಯಾರಿಗೂ ಮಾರುವುದಿಲ್ಲ. ಆ ಹಣಕ್ಕೆ ತೋಳಿಗೆ ಕಟ್ಟುವ ಯಂತ್ರವೇ ಬರುತ್ತದೆ.

6. ಹತ್ತು ಸಾವಿರ ಹೆಜ್ಜೆಗೆ ಹೆದರಬೇಡಿ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಿದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ವಯಸ್ಸಾದ ಅಮೆರಿಕದ ಹೆಂಗಸರ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗೇ ಸಾವಿನ ಅಪಾಯ ತಗ್ಗಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂಕಿ ನೋಡಿ ಸಂಜೆ ಎದ್ದು ನಡೆಯುವವರಿಗೆ ಫಿಟ್‌ನೆಸ್ ವಾಚು ಕೊಟ್ಟ ದುಡ್ಡಿಗೆ ಸಾರ್ಥಕ. ನೋಡಿ ಸುಮ್ಮನಾಗುವವರಿಗೆ ಅದು ಬೇಡ. ಕೊಳ್ಳುವ ಮೊದಲು ಒಂದು ತಿಂಗಳು ಫೋನಿನಲ್ಲೇ ಹೆಜ್ಜೆ ಎಣಿಸಿ ನೋಡಿ, ನೀವು ಯಾವ ಗುಂಪು ಎಂದು ಗೊತ್ತಾಗುತ್ತದೆ.

7. ನೀರು

ವಾಚಿನ ಮೇಲಿನ ‘30 ಮೀಟರ್’ ಎಂದರೆ ಕೈ ತೊಳೆದಾಗ, ಮಳೆ ಹನಿದಾಗ ತಡೆಯುತ್ತದೆ ಎಂದರ್ಥ. ಈಜಲು 50 ಬೇಕು, 100 ಇದ್ದರೆ ನೆಮ್ಮದಿ. ಎರಡು ಬಗೆಯ ವಾಚನ್ನೂ ಬಿಸಿನೀರ ಸ್ನಾನಕ್ಕೆ ಕಟ್ಟಬೇಡಿ. ಬಿಸಿ ಮತ್ತು ಸೋಪು ರಬ್ಬರ್ ವಾಷರನ್ನು ಹಾಳುಮಾಡುತ್ತವೆ. ಮಲೆನಾಡು, ಕರಾವಳಿಯವರು ಚರ್ಮದ ಬೆಲ್ಟು ತೆಗೆದು ಮಳೆಗಾಲಕ್ಕೆ ಸ್ಟೀಲು ಅಥವಾ ರಬ್ಬರ್ ಹಾಕಿಸಿಕೊಳ್ಳಿ.

8. ಎರಡನ್ನೂ ಒಂದೇ ಕಡೆ ಇಡಬೇಡಿ

ಎರಡೂ ಇರುವವರು ರಾತ್ರಿ ಮಂಚದ ಪಕ್ಕ ಒಟ್ಟಿಗೆ ಇಡುತ್ತಾರೆ. ಸ್ಮಾರ್ಟ್‌ವಾಚಿನ ಚಾರ್ಜರಿನಲ್ಲಿ ಅಯಸ್ಕಾಂತವಿದೆ. ಮೆಕ್ಯಾನಿಕಲ್ ವಾಚಿನ ಹೇರ್‌ಸ್ಪ್ರಿಂಗು ಕೂದಲೆಳೆಯಷ್ಟು ತೆಳು. ಅಯಸ್ಕಾಂತದ ಸೆಳೆತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. “ಹೊಸ ವಾಚು ಕೆಟ್ಟೋಯ್ತು” ಎಂದು ಬರುವವರಲ್ಲಿ ಎಷ್ಟೋ ಜನರ ತೊಂದರೆ ಇದೇ. ಡಿಮ್ಯಾಗ್ನೆಟೈಸರ್ ಮೇಲೆ ಕೆಲವೇ ಸೆಕೆಂಡಿನಲ್ಲಿ ಸರಿಹೋಗುತ್ತದೆ. ಫೋನಿನ ಸ್ಪೀಕರು, ಮ್ಯಾಗ್ನೆಟ್ ಬಟನ್ನಿನ ಬ್ಯಾಗು, ಇಂಡಕ್ಷನ್ ಒಲೆ ಇವುಗಳಿಂದಲೂ ದೂರವಿಡಿ. ಸಿಲಿಕಾನ್ ಹೇರ್‌ಸ್ಪ್ರಿಂಗು ಇರುವ ಹೊಸ ವಾಚುಗಳಿಗೆ ಈ ಭಯ ಕಡಿಮೆ.

9. ಅಪ್ಪ ಅಮ್ಮನಿಗೆ ಕೊಡುವಾಗ

ಬಿದ್ದರೆ ಮಕ್ಕಳ ಫೋನಿಗೆ ಸುದ್ದಿ ಮುಟ್ಟಿಸುವ ವಾಚು ಒಂಟಿಯಾಗಿರುವ ಹಿರಿಯರಿಗೆ ನಿಜಕ್ಕೂ ವರ. ಆದರೆ ಅದಕ್ಕೆ ದಿನವೂ ಚಾರ್ಜ್, ಜೊತೆಗೆ ಸರಿಯಾದ ಫೋನು, ನೆಟ್‌ವರ್ಕು ಬೇಕು. ವಿದೇಶದಲ್ಲಿರುವ ಮಕ್ಕಳು ಕಳಿಸಿಕೊಟ್ಟ ವಾಚು ಡಬ್ಬದಲ್ಲೇ ಉಳಿದದ್ದನ್ನು ಬಹಳ ಕಂಡಿದ್ದೇನೆ. ಪಕ್ಕದಲ್ಲಿ ಕೂತು ಕಲಿಸಲು ಒಬ್ಬರು ಇದ್ದರೆ ಮಾತ್ರ ಕೊಡಿ. ಕಣ್ಣು ಮಂಜಾದವರಿಗೆ ಬಿಳಿ ಡಯಲ್ಲಿನ ದೊಡ್ಡ ಅಂಕಿಯ ಕ್ವಾರ್ಟ್ಜ್ ವಾಚಿಗಿಂತ ಒಳ್ಳೆಯದು ಇನ್ನೊಂದಿಲ್ಲ.

10. ಮನೆಯಲ್ಲಿ ಹಳೆಯ ವಾಚು ಇದ್ದರೆ

ಎಲ್ಲ ಕೇಳಿದ ಮೇಲೂ “ನೀವೇ ಒಂದು ಹೇಳಿ” ಎನ್ನುವವರಿಗೆ ನಾನು ಮೊದಲು ಕೇಳುವುದು, ಮನೆಯಲ್ಲಿ ಅಪ್ಪನದೋ ತಾತನದೋ ವಾಚು ಇದೆಯಾ ಎಂದು. ಇದ್ದರೆ ಅದನ್ನು ತನ್ನಿ. ಕಟ್ಟಿಕೊಳ್ಳಲು ಅದಾಯಿತು, ಉಳಿದ ದುಡ್ಡಿಗೆ ವ್ಯಾಯಾಮಕ್ಕೆಂದು ಒಂದು ಮಧ್ಯಮ ಬೆಲೆಯ ಫಿಟ್‌ನೆಸ್ ವಾಚು ಕೊಳ್ಳಿ. ಹಳೆಯದನ್ನು ರಿಪೇರಿಗೆ ಕೊಡುವಾಗ ಹಿಂಬದಿ ಬಿಚ್ಚಿಸಿ ಮೆಷಿನ್ನಿನ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಪಾರ್ಟುಗಳನ್ನು ವಾಪಸ್ ಕೇಳಿ ಪಡೆಯಿರಿ. ಡಯಲ್ಲಿಗೆ ಹೊಸ ಬಣ್ಣ ಮಾತ್ರ ಹೊಡೆಸಬೇಡಿ. ಬಣ್ಣ ಬಳಿದ ಎಚ್‌ಎಂಟಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮಾಸಿದ ಮೂಲ ಡಯಲ್ಲು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ.