ಬಾನಿನಲ್ಲಿ ಬೀಳುವ ಪೆಟ್ಟು

ಚನ್ನರಾಯಪಟ್ಟಣದ ಕಡೆಯ ತೋಟಗಳಲ್ಲಿ ಬಲಿತ ತೆಂಗಿನಕಾಯಿ ಐವತ್ತು ಅಡಿ ಎತ್ತರದಿಂದ ಕಳಚಿ ಬಿದ್ದರೂ ಒಡೆಯುವುದು ವಿರಳ. ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 17 ಮೀಟರು. ಅದನ್ನು ಕಾಪಾಡುವುದು ಚಿಪ್ಪಿನ ಗಡಸುತನವೊಂದೇ ಅಲ್ಲ. ಸಿಪ್ಪೆಯಲ್ಲಿರುವ ಗಟ್ಟಿ ನಾರು ಮತ್ತು ನಾರಿನ ನಡುವಣ ಮೆತ್ತನೆಯ ಹುಡಿ, ಎರಡೂ ಕೂಡಿ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಭಿನ್ನ ಗುಣದ ಎರಡು ವಸ್ತುಗಳನ್ನು ಬೆಸೆದು, ಒಂದರಲ್ಲೇ ದೊರೆಯದ ಗುಣವನ್ನು ಪಡೆಯುವ ಈ ಉಪಾಯವನ್ನು ಮನುಷ್ಯನೂ ಬಹುಕಾಲದಿಂದ ಬಲ್ಲ. ಹುಲ್ಲು ಬೆರೆಸಿದ ಮಣ್ಣಿನ ಗೋಡೆ ಇದಕ್ಕೆ ನಿದರ್ಶನ. ಇಂದು ಅಂಟುರಾಳದಲ್ಲಿ ಇಂಗಾಲದ ಎಳೆಗಳನ್ನು ಹುದುಗಿಸಿ ತಯಾರಿಸುವ ಹಲಗೆಗಳೂ ಇದೇ ಜಾತಿಯವು. ತಂತ್ರಜ್ಞರು ಇವನ್ನು ಕಾಂಪೋಸಿಟ್ ಅಥವಾ ಸಂಯೋಜಿತ ವಸ್ತುಗಳೆಂದು ಕರೆಯುತ್ತಾರೆ.

ಲೋಹಕ್ಕಿಂತ ಹಗುರವಾಗಿ, ಬಿಸಿಲು ನೆರಳುಗಳಿಗೆ ಹೆಚ್ಚು ಹಿಗ್ಗದೆ ಕುಗ್ಗದೆ ಇರುವುದರಿಂದ ಈ ವಸ್ತುಗಳು ಉಪಗ್ರಹಗಳ ಒಡಲಿಗೂ ಆಂಟೆನಾಗಳಿಗೂ ಒದಗಿ ಬಂದಿವೆ. ಅಂತಹ ಉಪಗ್ರಹಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಹಾಸನದ ಸಾಲಗಾಮೆ ರಸ್ತೆಯಲ್ಲಿದೆ. ಅರಕಲಗೂಡು, ಹೊಳೆನರಸೀಪುರಗಳ ಮನೆಗಳ ಮೇಲಿನ ಡಿಷ್‌ಗಳು ಮುಖಮಾಡಿರುವುದು ಸುಮಾರು 36,000 ಕಿಲೋಮೀಟರು ಎತ್ತರದ ಇಂತಹ ಉಪಗ್ರಹಗಳ ಕಡೆಗೇ. ಅಲ್ಲಿ ಏನಾದರೂ ಮುರಿದರೆ ಹೋಗಿ ಕಟ್ಟುವವರಿಲ್ಲ. ಹಾಸನದಿಂದ ಹೋಗಬಲ್ಲದ್ದು ರೇಡಿಯೊ ಆಜ್ಞೆಯೊಂದೇ. ಆದುದರಿಂದ ಹಾರುವ ಮುನ್ನವೇ ಪ್ರತಿಯೊಂದು ವಸ್ತುವೂ ಪರೀಕ್ಷೆಗೆ ಗುರಿಯಾಗಬೇಕು.

ಮುರಿಯುವಂತಹದು ಅಲ್ಲೇನಿದೆ? 1983ರ ಜೂನ್ ತಿಂಗಳಿನಲ್ಲಿ ಚಾಲೆಂಜರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಹಿಂದಿರುಗಿದಾಗ ಅದರ ಕಿಟಕಿಯ ಗಾಜಿನಲ್ಲಿ ಸುಮಾರು 4 ಮಿಲಿಮೀಟರು ಅಗಲದ ಗುಳಿಯೊಂದು ಕಂಡುಬಂದಿತು. ಅದಕ್ಕೆ ಕಾರಣ ಒಂದು ಬಣ್ಣದ ಚಕ್ಕೆ. ಯಾವುದೋ ಹಳೆಯ ರಾಕೆಟ್ಟಿನಿಂದಲೋ ಉಪಗ್ರಹದಿಂದಲೋ ಕಳಚಿದ, ಒಂದು ಮಿಲಿಮೀಟರಿಗಿಂತ ಎಷ್ಟೋ ಕಿರಿದಾದ ಚಕ್ಕೆ. ಆ ಗಾಜನ್ನೇ ಬದಲಾಯಿಸಬೇಕಾಯಿತು. ಅದೇ ಚಾಲೆಂಜರ್ ಆ ವರ್ಷದ ಆಗಸ್ಟ್ 30ರಂದು ಹೊತ್ತೊಯ್ದದ್ದು ಭಾರತದ ಇನ್ಸಾಟ್-1ಬಿ ಉಪಗ್ರಹವನ್ನು.

ಅಲ್ಲಿನ ಅಪಾಯವೆಲ್ಲ ವೇಗದಲ್ಲಿದೆ. ಭೂಮಿಗೆ ಸಮೀಪದ ಕಕ್ಷೆಗಳಲ್ಲಿ ಎರಡು ವಸ್ತುಗಳು ಸೆಕೆಂಡಿಗೆ ಸುಮಾರು 10 ಕಿಲೋಮೀಟರು ವೇಗದಲ್ಲಿ ಢಿಕ್ಕಿ ಹೊಡೆಯಬಹುದು. ಆ ವೇಗದಲ್ಲಿ ಒಂದೇ ಒಂದು ಗ್ರಾಂ ತೂಕದ ಚೂರಿಗೆ, ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಬರುವ ಸಾವಿರ ಕಿಲೋಗ್ರಾಂ ಜೀಪಿನಷ್ಟು ಶಕ್ತಿಯಿರುತ್ತದೆ. ಭೂಸ್ಥಿರ ಕಕ್ಷೆಯ ಎತ್ತರದಲ್ಲಿ ಮನುಷ್ಯ ಬಿಟ್ಟ ಕಸದ ವೇಗ ಕಡಿಮೆಯೇನೋ ನಿಜ. ಆದರೆ ಉಲ್ಕಾಕಣಗಳಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಇಂತಹ ಪೆಟ್ಟನ್ನು ನೆಲದ ಮೇಲೆ ಸೃಷ್ಟಿಸುವುದು ಸುಲಭವಲ್ಲ. ಸಾಧಾರಣ ಬಂದೂಕಿನ ಮದ್ದಿನ ಅನಿಲ ಭಾರವಾದುದು. ಅದು ಗುಂಡನ್ನು ಅಷ್ಟು ವೇಗಕ್ಕೆ ತಳ್ಳಲಾರದು. ಆದಕಾರಣ ಎರಡು ಹಂತದ ಬಂದೂಕನ್ನು ರೂಪಿಸಿದ್ದಾರೆ. ಮೊದಲ ನಳಿಗೆಯಲ್ಲಿ ಸಿಡಿಮದ್ದು ಒಂದು ಪಿಸ್ಟನನ್ನು ನೂಕುತ್ತದೆ. ಪಿಸ್ಟನ್ ಮುಂದಿರುವ ಹೈಡ್ರೋಜನನ್ನು ಅದುಮುತ್ತದೆ. ಒತ್ತಡ ಮಿತಿಮೀರಿದಾಗ ನಡುವಣ ಲೋಹದ ತೆರೆ ಹರಿದು, ಆ ಹಗುರ ಅನಿಲ ಕಿರಿದಾದ ಎರಡನೆಯ ನಳಿಗೆಗೆ ನುಗ್ಗಿ, ಕಾಳಿನಷ್ಟಿರುವ ಗುಂಡನ್ನು ಸೆಕೆಂಡಿಗೆ 7 ಕಿಲೋಮೀಟರಿನಷ್ಟು ವೇಗದಲ್ಲಿ ಎಸೆಯುತ್ತದೆ. ಎದುರಿಗೆ, ಗಾಳಿ ತೆಗೆದ ಕೋಣೆಯಲ್ಲಿ, ಪರೀಕ್ಷೆಗೊಳಗಾಗುವ ಹಲಗೆ ನಿಂತಿರುತ್ತದೆ. ಎಲ್ಲವೂ ರೆಪ್ಪೆ ಬಡಿಯುವುದರೊಳಗೆ ಮುಗಿದುಹೋಗುತ್ತದೆ.

ನಿಜವಾದ ಪರೀಕ್ಷೆ ಆರಂಭವಾಗುವುದು ಆಮೇಲೆ. ಲೋಹವಾದರೆ ತಗ್ಗು ಬಿದ್ದು ತನ್ನ ನೋವನ್ನು ತೋರಿಸುತ್ತದೆ. ಸಂಯೋಜಿತ ಹಲಗೆಯು, ಪೆಟ್ಟು ಅಷ್ಟೇನೂ ಬಿರುಸಲ್ಲದಿದ್ದಾಗ, ಹೊರಗೆ ನುಣುಪಾಗಿಯೇ ಇದ್ದು ಒಳಗೆ ಪದರ ಪದರವಾಗಿ ಬಿಟ್ಟುಕೊಂಡಿರಬಹುದು. ಕೊಯ್ದಾಗಲೇ ಒಳಗಿನ ಕಪ್ಪು ಕಾಣುವ ಹಾಸನದ ಆಲೂಗಡ್ಡೆಯಂತೆ! ಆದುದರಿಂದ ಶ್ರವಣಾತೀತ ಧ್ವನಿಯನ್ನು ಹಾಯಿಸಿ ಪ್ರತಿಯೊಂದು ಪದರವನ್ನೂ ಶೋಧಿಸುತ್ತಾರೆ.

ಹಾಗಾದರೆ ಗೋಡೆಯನ್ನು ದಪ್ಪ ಮಾಡಿದರೆ ಸಾಲದೆ? ತೂಕ ಅದಕ್ಕೆ ಅವಕಾಶ ಕೊಡದು. ಫ್ರೆಡ್ ವಿಪಲ್ ಎಂಬ ಅಮೆರಿಕದ ಖಗೋಳ ವಿಜ್ಞಾನಿ 1940ರ ದಶಕದಲ್ಲಿಯೇ ಬೇರೊಂದು ದಾರಿ ತೋರಿಸಿದ. ಗೋಡೆಯ ಮುಂದೆ, ಸ್ವಲ್ಪ ದೂರದಲ್ಲಿ, ತೆಳುವಾದ ತಗಡೊಂದನ್ನು ನಿಲ್ಲಿಸಬೇಕು. ಅತಿವೇಗದ ಕಣ ಅದಕ್ಕೆ ತಾಗಿದೊಡನೆ ತಾನೇ ಪುಡಿಪುಡಿಯಾಗುತ್ತದೆ. ಆ ಪುಡಿ ಚದರಿ ಹರಡುವುದರಿಂದ ಹಿಂದಿನ ಗೋಡೆಗೆ ಒಂದೇ ಕಡೆ ಪೆಟ್ಟು ಬೀಳುವುದಿಲ್ಲ. ಇದು ಶತ್ರುವಿನ ವೇಗವನ್ನೇ ಶತ್ರುವಿನ ಮೇಲೆ ತಿರುಗಿಸುವ ಜಾಣತನ. ತಗಡಿಗೂ ಗೋಡೆಗೂ ನಡುವೆ ಕೆವ್ಲಾರ್ ಎಳೆಯ ಬಟ್ಟೆಯ ಪದರಗಳನ್ನು ಇರಿಸಿದರೆ ರಕ್ಷಣೆ ಮತ್ತಷ್ಟು ಬಲಗೊಳ್ಳುತ್ತದೆ. 1986ರಲ್ಲಿ ಹ್ಯಾಲಿ ಧೂಮಕೇತುವಿನ ಬಳಿ ಸಾಗಿದ ಯುರೋಪಿನ ಜಿಯೋಟೊ ನೌಕೆ ತೆಳುವಾದ ಅಲ್ಯುಮಿನಿಯಂ ಹಾಳೆಯನ್ನೂ ಅದರ ಹಿಂದೆ ಕೆವ್ಲಾರ್ ಹಲಗೆಯನ್ನೂ ಹಿಡಿದು ಹೋಗಿತ್ತು. ಅಲ್ಲಿ ಧೂಳಿನ ವೇಗ ಸೆಕೆಂಡಿಗೆ 68 ಕಿಲೋಮೀಟರು. ಯಾವ ಬಂದೂಕೂ ಮುಟ್ಟಲಾರದ ವೇಗ. ಪರೀಕ್ಷೆ ಕೊನೆಗೊಂಡಲ್ಲಿಂದ ಮುಂದೆ ಲೆಕ್ಕಾಚಾರವನ್ನೇ ನಂಬಬೇಕಾಗಿತ್ತು.

ಎಂತಹ ಗುರಾಣಿಯಾದರೂ ತಡೆಯಬಲ್ಲದ್ದು ಸುಮಾರು ಒಂದು ಸೆಂಟಿಮೀಟರಿನವರೆಗಿನ ಕಣವನ್ನು. ಕೆಳಗಿನ ಕಕ್ಷೆಗಳಲ್ಲಿ ಹತ್ತು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳನ್ನು ರೇಡಾರುಗಳು ಗುರುತಿಸಬಲ್ಲವು. ಅವುಗಳಿಂದ ಸರಿದು ಪಾರಾಗಬಹುದು. ನಡುವಿನವು ಕಾಣುವಷ್ಟು ದೊಡ್ಡವಲ್ಲ, ತಡೆಯುವಷ್ಟು ಚಿಕ್ಕವೂ ಅಲ್ಲ. 2023ರಲ್ಲಿ ಭಾರತದ ಉಪಗ್ರಹಗಳನ್ನು ಢಿಕ್ಕಿಯಿಂದ ತಪ್ಪಿಸಲು 23 ಬಾರಿ ಸರಿಸಬೇಕಾಯಿತು. ಭೂಸ್ಥಿರ ಉಪಗ್ರಹಗಳನ್ನು ಸರಿಸುವ ಹೊಣೆ ಹಾಸನದ್ದು. ಪ್ರತಿಯೊಂದು ಚಲನೆಗೂ ಇಂಧನ ವ್ಯಯವಾಗುತ್ತದೆ. ಇಂಧನ ಬರಿದಾದರೆ ಉಪಗ್ರಹದ ಆಯುಸ್ಸೂ ತೀರಿದಂತೆಯೇ. 1982ರ ಸೆಪ್ಟೆಂಬರಿನಲ್ಲಿ ಇನ್ಸಾಟ್-1ಎ ಕೈಬಿಟ್ಟುಹೋದದ್ದು ಹೀಗೆ. ಆದುದರಿಂದ ಈಗ ವಯಸ್ಸಾದ ಉಪಗ್ರಹದಲ್ಲಿ ಒಂದಿಷ್ಟು ಇಂಧನವನ್ನು ಮೊದಲೇ ಉಳಿಸಿಕೊಂಡು, ಅದನ್ನು ತನ್ನ ಕಕ್ಷೆಗಿಂತ ಇನ್ನೂರು ಮುನ್ನೂರು ಕಿಲೋಮೀಟರು ಮೇಲಕ್ಕೆ ಏರಿಸಿ, ಅಲ್ಲಿ ಅದರ ಯಂತ್ರಗಳನ್ನು ಆರಿಸಿಬಿಡುತ್ತಾರೆ.