ಪಾರ್ಕಿನ ಗುಂಪಿನಲ್ಲಿ ನಾನೊಬ್ಬಳೇ ಹಳ್ಳಿಯವಳು

ಪ್ರಶ್ನೆ: ನನಗೆ 54 ವರ್ಷ. ತಿಪಟೂರು ಕಡೆಯವಳು. ಯಜಮಾನರು ಹೋದ ಮೇಲೆ ಮಗ, ಸೊಸೆಯ ಜೊತೆ ಕಾಡುಗೋಡಿಯ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಪಕ್ಕದ ಪಾರ್ಕಿನಲ್ಲಿ ಭಾನುವಾರ ಗಿಡ ನೆಡುವ ಗುಂಪೊಂದಿದೆ, ಸೇರಿಕೊಂಡೆ. ಎಲ್ಲರೂ ಓದಿದವರು, ಮಾತೆಲ್ಲ ಇಂಗ್ಲಿಷು. ಕಳೆದ ಮಳೆಗಾಲದಲ್ಲಿ ಒಂದು ಕಂಪನಿಯವರು ಬಂದು ಸಾಲಾಗಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಹೋದರು. ಗುಂಡಿ ಆಳ ಸಾಲದು, ಸಾಲು ತೀರಾ ಒತ್ತು ಅಂತ ಅವತ್ತೇ ಅನ್ನಿಸಿತು, ಬಾಯಿ ಬಿಡಲಿಲ್ಲ. ಏಪ್ರಿಲ್ ಹೊತ್ತಿಗೆ ಮುಕ್ಕಾಲುಪಾಲು ಒಣಗಿದವು. ಮಾಲಿಗೂ ನಮ್ಮ ಮೇಲೆ ಸಿಟ್ಟು. ಎಲ್ಲಾದರೂ ತರಬೇತಿ ಪಡೆದು ಸರ್ಟಿಫಿಕೇಟ್ ತಂದರೆ ನನ್ನ ಮಾತಿಗೆ ಬೆಲೆ ಬಂದೀತೇ? ಈ ಐಟಿ ಊರಲ್ಲಿ ಮಣ್ಣಿನ ಮಾತು ಯಾರಿಗೆ ಬೇಕು? ಮಗ, ‘ಮಂಡಿನೋವು ಇಟ್ಕೊಂಡು ಊರ ಉಸಾಬರಿ ನಿನಗ್ಯಾಕಮ್ಮ’ ಅಂತಾನೆ.
ಹೆಸರು ಬೇಡ, ಕಾಡುಗೋಡಿ

ಉತ್ತರ: ತರಬೇತಿಗೆ ಖಂಡಿತ ಹೋಗಿ. ಆದರೆ ಅದಕ್ಕೂ ಮೊದಲು ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಒಣಗಿದ ಸಸಿಗಳಲ್ಲಿ ಒಂದನ್ನು ಎಲ್ಲರೆದುರು ಹಾರೆಯಿಂದ ಎಬ್ಬಿಸಿ, ಬೇರು ತೋರಿಸಿ. ನಿಮ್ಮ ಅನುಮಾನ ನಿಜವಾಗಿದ್ದರೆ ಬೇರು ನರ್ಸರಿಯ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಸುತ್ತಿಕೊಂಡಿರುತ್ತದೆ, ಸುತ್ತಲಿನ ಗಟ್ಟಿ ಮಣ್ಣಿಗೆ ಒಂದು ಎಳೆಯನ್ನೂ ಬಿಟ್ಟಿರುವುದಿಲ್ಲ. ಅದನ್ನು ನೋಡಿದವರಿಗೆ ಇಂಗ್ಲಿಷಿನಲ್ಲಿ ವಿವರಿಸುವ ಅಗತ್ಯ ಬೀಳುವುದಿಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಜೂನ್ ಮಳೆಗೆ ನೆಡುವುದು ನಿಮ್ಮ ಊರಲ್ಲಿ ಮಕ್ಕಳಿಗೂ ಗೊತ್ತು. ಇಲ್ಲಿ ಗೊತ್ತಿಲ್ಲ ಅಷ್ಟೆ.

ಒತ್ತಾಗಿ ನೆಟ್ಟದ್ದರ ಬಗ್ಗೆ ಮಾತ್ರ ಸ್ವಲ್ಪ ತಾಳಿ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ಪದ್ಧತಿಯಲ್ಲಿ ಸಸಿಗಳನ್ನು ಬೇಕೆಂದೇ ಒತ್ತಾಗಿ ನೆಡುತ್ತಾರೆ. ಬೆಂಗಳೂರಿನಲ್ಲಿ ಈಗ ಅದರದೇ ಚಾಲ್ತಿ. ಆದರೆ ಆ ಪದ್ಧತಿಯಲ್ಲಿ ಇಡೀ ಜಾಗವನ್ನು ಆಳಕ್ಕೆ ಅಗೆದು ಗೊಬ್ಬರ ತುಂಬಿಸಬೇಕು, ಎರಡು ಮೂರು ವರ್ಷ ಬಿಡದೆ ನೀರು ಹಾಕಬೇಕು. ಅದಿಲ್ಲದೆ ಒತ್ತಾಗಿ ನೆಡುವುದು ಸಸಿಗೆ ಮಾಡುವ ಅನ್ಯಾಯ. ಕಂಪನಿಯವರು ಯಾವ ಲೆಕ್ಕದಲ್ಲಿ ನೆಟ್ಟರು ಎಂದು ನಿಮ್ಮ ಗುಂಪಿನಲ್ಲಿ ಕೇಳಿ. ಕೇಳುವುದಕ್ಕೆ ಸರ್ಟಿಫಿಕೇಟ್ ಬೇಡ.

ಇನ್ನು ಮಾಲಿ. ನನ್ನ ಊಹೆ ಇಷ್ಟು: ಭಾನುವಾರ ನೀವೆಲ್ಲ ನೆಟ್ಟು ಹೋಗುತ್ತೀರಿ, ಸೋಮವಾರದಿಂದ ನೀರಿನ ಭಾರ ಅವರದು. ಒಣಗಿದರೆ ಬೈಗುಳವೂ ಅವರಿಗೇ. ಅವರನ್ನು ಕೇಳಿ ಎಲ್ಲಿ ನೆಡಬೇಕೆಂದು ತೀರ್ಮಾನಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ? ಆ ಗುಂಪಿನಲ್ಲಿ ಅವರ ಜೊತೆ ಪಾರ್ಕಿನ ಬೆಂಚಿನ ಮೇಲೆ ಕೂತು, ‘ಏನಪ್ಪಾ, ಬೋರ್‌ವೆಲ್ ಹೇಗಿದೆ, ಯಾವ ಮೂಲೆಗೆ ನೀರು ಹತ್ತಲ್ಲ’ ಎಂದು ಕೇಳಬಲ್ಲವರು ನೀವೇ ಇರಬಹುದು. ನೀವು ಕುಂದೆಂದುಕೊಂಡ ಕನ್ನಡ ಅಲ್ಲಿ ಕೆಲಸಕ್ಕೆ ಬರುತ್ತದೆ. ಪಾಲಿಕೆ ಕಚೇರಿಯಲ್ಲೂ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಿಮ್ಮ ಭಾಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಪಾರ್ಕಿನಲ್ಲಿ ಗಿಡ ನೆಟ್ಟು ನೋಡಿಕೊಳ್ಳಲು ಅನುಮತಿ ಕೇಳಿ ಅಲ್ಲಿನ ತೋಟಗಾರಿಕೆ ವಿಭಾಗಕ್ಕೆ ಒಂದು ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ನೋಡಿಕೊಳ್ಳಲು ಹೊರಟಾಗ, 2011ರಲ್ಲಿ ಬಿಬಿಎಂಪಿಯೊಡನೆ ಲಿಖಿತ ಒಪ್ಪಂದ ಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನೂ ಒಮ್ಮೆ ನೋಡಿ ಬನ್ನಿ, ಅಲ್ಲೂ ಜನ ಮತ್ತು ಪಾಲಿಕೆ ಸೇರಿ ಕೆಲಸ ಮಾಡಿದ್ದಾರೆ.

ನೀರಿನ ಮಾತು ಬಂತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತಲ್ಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಸಂಸ್ಕರಿಸುವ ಘಟಕ (ಎಸ್‌ಟಿಪಿ) ಇದ್ದರೆ ಸಂಸ್ಕರಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಗನ ಕೈಲಿ ಅಸೋಸಿಯೇಷನ್‌ನಲ್ಲಿ ಕೇಳಿಸಿ. ಉಳಿದದ್ದು ಚರಂಡಿ ಸೇರುತ್ತಿದ್ದರೆ ಅದನ್ನೇ ಪಾರ್ಕಿಗೆ ಕೇಳಿ. ಮರಗಿಡಕ್ಕೆ ಆ ನೀರು ಸಾಕು; ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಬೇಡ. ಪಾತಿಗೆ ಒಣಗಿದೆಲೆಯ ದಪ್ಪ ಹೊದಿಕೆ ಹಾಕಿದರೆ ನೀರು ಇನ್ನೂ ಕಡಿಮೆ ಸಾಕಾಗುತ್ತದೆ, ಎಲೆಗೆ ಬೆಂಕಿ ಹಾಕುವುದೂ ತಪ್ಪುತ್ತದೆ.

ಈಗ ತರಬೇತಿ. ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ಇಲಾಖೆ ಕೈತೋಟ, ತಾರಸಿ ತೋಟದ ತರಬೇತಿ ನಡೆಸುತ್ತದೆ. ಮಗನ ಕಾರಿಗೆ ಕಾಯಬೇಡಿ: ಕಾಡುಗೋಡಿಯಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್ ನಿಲ್ದಾಣವೇ ಇದೆ. ಮನೆಯ ಹಸಿ ಕಸವನ್ನು ಗೊಬ್ಬರ ಮಾಡುವುದನ್ನು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಕಣ್ಣಾರೆ ನೋಡಬಹುದು. ಇದೇ ಪ್ರಶ್ನೆ ಇರುವ ಎಲೆಕ್ಟ್ರಾನಿಕ್ ಸಿಟಿಯವರಿಗೆ ಇಲಾಖೆಯ ಹುಳಿಮಾವು ಜೈವಿಕ ಕೇಂದ್ರ ಹತ್ತಿರ, ಪೀಣ್ಯದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಾ. ಬಿ.ಎನ್. ವಿಶ್ವನಾಥ್ ಮತ್ತು ಜೊತೆಗಾರರು 2011ರಲ್ಲಿ ಶುರುಮಾಡಿದ ‘ಊಟ ಫ್ರಮ್ ಯುವರ್ ತೋಟ’ ಮೇಳ ನಡೆಯುವುದು ತಿಳಿದರೆ ತಪ್ಪಿಸಬೇಡಿ. ಬೀಜ, ಗೊಬ್ಬರಕ್ಕಿಂತ ಅಲ್ಲಿ ಸಿಗುವ ಜನ ಮುಖ್ಯ.

ಕಲಿತು ಬಂದ ಮೇಲೆ ಏನು ಎಂಬುದಕ್ಕೆ ಅಮೆರಿಕದ ಒಂದು ಪದ್ಧತಿ ನನಗೆ ಹಿಡಿಸುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಗಿಡದ ಬಗ್ಗೆ ಕೇಳುವ ಪಟ್ಟಣದವರು ಹೆಚ್ಚಾಗಿ, ಕೃಷಿ ವಿಸ್ತರಣಾ ಸಿಬ್ಬಂದಿ ಸಾಲದಾದಾಗ ಮಾಸ್ಟರ್ ಗಾರ್ಡನರ್ ಎಂಬ ಯೋಜನೆ ಹುಟ್ಟಿತು. ತರಬೇತಿ ಕೊಡುತ್ತೇವೆ, ಬದಲಿಗೆ ಇಷ್ಟು ಗಂಟೆ ಊರವರಿಗೆ ಕಲಿಸಿ ಎಂಬ ಕರಾರು. ನೀವೂ ನಿಮ್ಮ ಗುಂಪಿನ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ವಾಪಸು ಬಂದು ಮೂವರೂ ಸೇರಿ ಪಾರ್ಕಿನ ಮೂಲೆಯಲ್ಲಿ ಹೊಂಗೆ, ನೇರಳೆ, ಬೇವಿನ ಸಸಿಮಡಿ ಮಾಡಿ. ಮುಂದಿನ ಸಲ ಕಂಪನಿಯವರು ಬಂದಾಗ ಹೊಸ ಸಸಿ ತರುವ ಬದಲು ಹಳೆಯವಕ್ಕೆ ಒಂದು ಬೇಸಿಗೆಯ ನೀರಿನ ಖರ್ಚು ಕೊಡಲು ಹೇಳಿ. ಫೋಟೊ ಬೇಕಿದ್ದರೆ ಮೇ ತಿಂಗಳಲ್ಲಿ ಬಂದು ತೆಗೆಸಿಕೊಳ್ಳಲಿ!

ಐಟಿ ಊರು ಅಂದಿರಿ. ನಿಮ್ಮ ಪಕ್ಕದ ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ–ಇಂಡಿಯನ್ನರಿಗೆ ಸಾಗುವಳಿ ಮಾಡಿ ನೆಲೆಸಲು ಇಲ್ಲಿ 3,900 ಎಕರೆ ಕೊಟ್ಟರು. ಅವರ ಮುಂದಾಳು ಡಿ.ಎಸ್. ವೈಟ್ ಹೆಸರೇ ಊರಿಗೆ ಉಳಿಯಿತು. ಮಗನಿಗೆ ಹೇಳಿ ನೋಡಿ.

ಮಂಡಿಯ ವಿಷಯದಲ್ಲಿ ಅವನ ಮಾತು ಸರಿ. ಸಸಿಮಡಿಯ ಕೆಲಸವನ್ನು ಎತ್ತರದ ಕಟ್ಟೆಯ ಮೇಲೆ ಇಟ್ಟುಕೊಳ್ಳಿ, ಕುಕ್ಕುರುಗಾಲಲ್ಲಿ ಕೂರಬೇಡಿ. ಎರಡಡಿ ಗುಂಡಿ ತೋಡುವುದನ್ನು ನಿಮ್ಮ ಗುಂಪಿನಲ್ಲಿ ಜಿಮ್‌ಗೆ ದುಡ್ಡು ಕೊಡುವ ಹುಡುಗರಿದ್ದರೆ ಅವರಿಗೇ ಬಿಡಿ.