ದಾಳ ಉರುಳುವ ಮುನ್ನ

ದಾಳವನ್ನು ಉರುಳಿಸಿ ಅದೃಷ್ಟವನ್ನು ಪರೀಕ್ಷಿಸುವ ಚಪಲ ಮನುಷ್ಯನಿಗೆ ಬಹಳ ಹಳೆಯದು. ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯವನ್ನೇ ಸೋತವರ ಕಥೆಯನ್ನು ನಮ್ಮ ನಾಡಿನಲ್ಲಿ ಮಕ್ಕಳೂ ಬಲ್ಲರು. ಆದರೆ ಅದೇ ದಾಳವು ವಿವೇಚನೆಯ ಶಿಕ್ಷಣಕ್ಕೂ ಸಾಧನವಾಗಬಲ್ಲದು. ಮೇಜಿನ ಮೇಲೆ ಪುಟ್ಟ ಗೊಂಬೆ ಸೈನಿಕರನ್ನು ನಿಲ್ಲಿಸಿ ಆಡುವ ಯುದ್ಧದಾಟವು ಇದಕ್ಕೆ ಒಳ್ಳೆಯ ನಿದರ್ಶನ.

ಈ ಆಟದ ಬೇರುಗಳು ಪ್ರಷ್ಯಾ ದೇಶದಲ್ಲಿವೆ. ಬ್ಯಾರನ್ ಫಾನ್ ರೈಸ್‌ವಿಟ್ಸ್ ಎಂಬಾತನು ಯುದ್ಧದಾಟವೊಂದನ್ನು ರಚಿಸಿ 1812ರಲ್ಲಿ ಅಲ್ಲಿಯ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ತೋರಿಸಿದನು. ಸೇನಾಧಿಕಾರಿಯಾಗಿದ್ದ ಅವನ ಮಗನು ಅದನ್ನು ತಿದ್ದಿ ಬೆಳೆಸಿ 1824ರಲ್ಲಿ ನಿಯಮಗಳ ಪುಸ್ತಕವನ್ನು ಪ್ರಕಟಿಸಿದನು. ಗುಂಡಿನ ಹೊಡೆತದಿಂದ ಎಷ್ಟು ಹಾನಿಯಾಯಿತು ಎಂಬುದನ್ನು ಅದರಲ್ಲಿ ದಾಳವೇ ನಿರ್ಣಯಿಸುತ್ತಿತ್ತು. ಮುಂದೆ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಗೊಂಬೆ ಯುದ್ಧವನ್ನು ಮನೆಯ ವಿನೋದವನ್ನಾಗಿ ಮಾಡಿದನು. ಇಂಗ್ಲೆಂಡಿನಲ್ಲಿ 1987ರಲ್ಲಿ ಪ್ರಕಟವಾದ ‘ವಾರ್‌ಹ್ಯಾಮರ್ 40,000’ ಇಂದು ಈ ಬಗೆಯ ಆಟಗಳಲ್ಲಿ ಹೆಸರಾಂತದ್ದು.

ಇಂತಹ ಆಟದಲ್ಲಿ ಇಬ್ಬರು ಆಟಗಾರರಿಗೂ ಸಮಾನವಾದ ಅಂಕಗಳ ಮಿತಿಯಿರುತ್ತದೆ. ಪ್ರತಿಯೊಬ್ಬ ಸೈನಿಕನಿಗೂ ಪ್ರತಿಯೊಂದು ಆಯುಧಕ್ಕೂ ಇಂತಿಷ್ಟು ಅಂಕಗಳೆಂಬ ಬೆಲೆಯುಂಟು. ಒಂದು ಕಡೆ ಧಾರಾಳವಾಗಿ ವೆಚ್ಚಮಾಡಿದವನು ಇನ್ನೊಂದು ಕಡೆ ಕೈ ಬಿಗಿಹಿಡಿಯಲೇಬೇಕು. ಆದುದರಿಂದ ಯಾವ ಆಯುಧವನ್ನು ಆರಿಸಬೇಕು ಎಂಬ ಪ್ರಶ್ನೆ ದಾಳ ಉರುಳುವುದಕ್ಕೆ ಮೊದಲೇ ಎದುರಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಸಂಭವನೀಯತೆಯ ಗಣಿತ.

ಹೊಡೆತವೊಂದು ಫಲಿಸಬೇಕಾದರೆ ಸಾಮಾನ್ಯವಾಗಿ ಮೂರು ಹಂತಗಳನ್ನು ದಾಟಬೇಕು. ಮೊದಲು ಗುಂಡು ಗುರಿಯನ್ನು ತಾಗಬೇಕು. ಬಳಿಕ ಅದು ಗಾಯಮಾಡಬೇಕು. ಕೊನೆಗೆ ಎದುರಾಳಿಯ ಕವಚ ಅದನ್ನು ತಡೆಯದಿರಬೇಕು. ಪ್ರತಿ ಹಂತಕ್ಕೂ ಒಂದೊಂದು ದಾಳ. ಒಂದರ ಮೇಲೊಂದರಂತೆ ಎಲ್ಲವೂ ನಡೆಯಲೇಬೇಕಾದಾಗ ಅವುಗಳ ಸಂಭವನೀಯತೆಗಳನ್ನು ಗುಣಿಸಬೇಕೆಂಬುದು ನಿಯಮ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಮೆಷಿನ್‌ಗನ್ನಿನ ಬೆಲೆ 10 ಅಂಕ. ಅದು ಒಂದು ಸರದಿಯಲ್ಲಿ 6 ಗುಂಡುಗಳನ್ನು ಹಾರಿಸುತ್ತದೆ. ಫಿರಂಗಿಯ ಬೆಲೆ 20 ಅಂಕ; ಅದು ಹಾರಿಸುವುದು ಒಂದೇ ಗುಂಡು. ಎರಡಕ್ಕೂ ದಾಳದಲ್ಲಿ 3 ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದರೆ ಗುರಿ ತಾಗಿದಂತೆ. ಎಂದರೆ ಸಂಭವನೀಯತೆ 4/6. ಎದುರಿಗೆ ಕಾಲಾಳುಗಳಿದ್ದಾರೆ. ಮೆಷಿನ್‌ಗನ್ನಿನ 6 ಗುಂಡುಗಳಲ್ಲಿ ಸರಾಸರಿ 4 ತಾಗುತ್ತವೆ. ಅವುಗಳಲ್ಲಿ ಅರ್ಧದಷ್ಟು, ಎಂದರೆ 2, ಗಾಯಮಾಡುತ್ತವೆ. ಮೂರರಲ್ಲೊಂದು ಪಾಲನ್ನು ಕವಚ ತಡೆದರೆ ಉಳಿಯುವುದು 4/3. ಇನ್ನು ಫಿರಂಗಿಯ ಗುಂಡು 4/6ರಂತೆ ತಾಗಿ, 5/6ರಂತೆ ಗಾಯಮಾಡುತ್ತದೆ. ಕವಚ ಅದಕ್ಕೆ ಅಡ್ಡಿಯಾಗದು. ಆದರೂ ಫಲ 5/9 ಮಾತ್ರ. ಎಷ್ಟೇ ಬಲವಾದ ಗುಂಡಾದರೂ ಅದರಿಂದ ಬೀಳುವವನು ಒಬ್ಬನೇ ಕಾಲಾಳು.

ಎದುರಿಗೆ ಉಕ್ಕಿನ ಟ್ಯಾಂಕು ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಅದು 6 ಏಟುಗಳ ಹಾನಿಯನ್ನು ತಾಳಬಲ್ಲದು. ಮೆಷಿನ್‌ಗನ್ನಿನ 4 ಗುಂಡುಗಳು ಅದನ್ನು ತಾಗಿದರೂ, ದಾಳದಲ್ಲಿ 6 ಬಿದ್ದಾಗ ಮಾತ್ರ ಗುಂಡು ನಾಟುತ್ತದೆ. ನಾಟಿದುದರಲ್ಲಿಯೂ ಮೂರರಲ್ಲೆರಡು ಪಾಲನ್ನು ಕವಚ ತಡೆಯುತ್ತದೆ. ಉಳಿಯುವ ಹಾನಿ 2/9. ಫಿರಂಗಿಯ ಗುಂಡು 4/6ರಂತೆ ತಾಗಿ, 4/6ರಂತೆ ನಾಟಿದರೆ ಸಂಭವನೀಯತೆ 4/9; ನಾಟಿದೊಡನೆ 6 ಏಟಿನ ಹಾನಿಯಾಗುವುದರಿಂದ ಸರಾಸರಿ 24/9. ಹೀಗೆ 20 ಅಂಕಗಳಿಗೆ ಎರಡು ಮೆಷಿನ್‌ಗನ್ನುಗಳನ್ನು ಕೊಂಡವನು ಕಾಲಾಳುಗಳ ಎದುರು ಫಿರಂಗಿಯ ಸುಮಾರು ಐದರಷ್ಟು ಫಲ ಪಡೆಯುತ್ತಾನೆ. ಟ್ಯಾಂಕಿನ ಎದುರು ಫಿರಂಗಿ ಕೊಂಡವನು ಅವನ ಆರರಷ್ಟು ಪಡೆಯುತ್ತಾನೆ. ಯಾವ ಆಯುಧವೂ ತನ್ನಷ್ಟಕ್ಕೆ ಉತ್ತಮವಲ್ಲ, ಅಧಮವೂ ಅಲ್ಲ. ಗುರಿ ಯಾವುದೆಂದು ತಿಳಿದ ಮೇಲೆಯೇ ಅದರ ಬೆಲೆ ನಿಶ್ಚಯವಾಗುತ್ತದೆ.

ಸರಾಸರಿಯೊಂದನ್ನೇ ನಂಬುವುದೂ ಸಲ್ಲದು. ಫಿರಂಗಿಯನ್ನು ಎರಡು ಸಲ ಹಾರಿಸಿದರೆ ಟ್ಯಾಂಕು ನಾಶವಾಗುವ ಸಂಭವನೀಯತೆ 4/9ರ ಇಮ್ಮಡಿಯೆಂದು, ಎಂದರೆ 8/9 ಎಂದು, ಅವಸರಗಾರ ಎಣಿಸುತ್ತಾನೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಶೆವಾಲಿಯೆ ದ ಮೆರೆ ಎಂಬಾತನನ್ನೂ ಇದಕ್ಕೆ ಹತ್ತಿರದ ತೊಡಕೊಂದು ಕಾಡಿತ್ತು. ಒಂದು ದಾಳವನ್ನು 4 ಸಲ ಎಸೆದಾಗ ಒಮ್ಮೆಯಾದರೂ 6 ಬೀಳುವುದು ನೂರಕ್ಕೆ ಸುಮಾರು 52ರಷ್ಟು ಸಂಭವನೀಯ. ಆದರೆ ಎರಡು ದಾಳಗಳನ್ನು ಒಟ್ಟಿಗೆ 24 ಸಲ ಎಸೆದಾಗ ಒಮ್ಮೆಯಾದರೂ ಜೋಡಿ 6 ಬೀಳುವುದು ಸುಮಾರು 49ರಷ್ಟು ಮಾತ್ರ. ಇದು ಏಕೆಂದು ಅವನಿಗೆ ಹೊಳೆಯಲಿಲ್ಲ. ಜೂಜಿನ ಇಂತಹ ಸಮಸ್ಯೆಗಳನ್ನು ಕುರಿತು ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಬರೆದುಕೊಂಡ ಪತ್ರಗಳಿಂದಲೇ ಸಂಭವನೀಯತೆಯ ಶಾಸ್ತ್ರಕ್ಕೆ ಭದ್ರವಾದ ಬುನಾದಿ ದೊರೆಯಿತು. ಇಂತಹ ಕಡೆ ಸೋಲಿನ ಸಾಧ್ಯತೆಯನ್ನು ಮೊದಲು ಎಣಿಸುವುದೇ ಸುಲಭೋಪಾಯ. ಫಿರಂಗಿ ಒಮ್ಮೆ ವಿಫಲವಾಗುವ ಸಂಭವನೀಯತೆ 5/9. ಎರಡು ಸಲವೂ ವಿಫಲವಾಗುವುದು 25/81. ಉಳಿದ 56/81, ಎಂದರೆ ನೂರಕ್ಕೆ ಸುಮಾರು 69, ಗೆಲುವಿನ ಪಾಲು. ಜಾಣ ಆಟಗಾರನು ಉಳಿದ 31ಕ್ಕೂ ಸಿದ್ಧನಾಗಿರುತ್ತಾನೆ.

ಉಪಕರಣಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ. ಗುರಿಹಿಡಿಯುವ ದುರ್ಬೀನೊಂದು ದಾಳಕ್ಕೆ 1ನ್ನು ಕೂಡಿಸುತ್ತದೆಯೆಂದು ಭಾವಿಸೋಣ. 6 ಬಿದ್ದರೆ ಮಾತ್ರ ಗುರಿ ತಾಗಿಸಬಲ್ಲ ಹೊಸಬನಿಗೆ ಅದನ್ನು ಕೊಟ್ಟರೆ 1/6 ಇದ್ದುದು 2/6 ಆಗಿ ಅವನ ಫಲ ಇಮ್ಮಡಿಯಾಗುತ್ತದೆ. ನುರಿತ ಬಂದೂಕುಗಾರನಿಗೆ ಕೊಟ್ಟರೆ 4/6 ಇದ್ದುದು 5/6 ಆಗುತ್ತದೆ. ಹೆಚ್ಚಿದ್ದು ಕಾಲುಭಾಗ ಮಾತ್ರ. ಉಪಕರಣ ಒಂದೇ, ಬೆಲೆಯೂ ಒಂದೇ. ಪ್ರಯೋಜನ ಮಾತ್ರ ಬೇರೆ ಬೇರೆ. ಆದರೆ ಇಬ್ಬರಿಗೂ ಹೆಚ್ಚುವ ತಾಗುಗಳು ಆರು ಗುಂಡಿಗೆ ಸಮನಾಗಿ ಒಂದೇ ಎಂಬುದನ್ನೂ ಮರೆಯಬಾರದು. ಹೆಚ್ಚು ಗುಂಡು ಹಾರಿಸುವವನ ಕೈಯಲ್ಲಿಯೇ ಅದು ಹೆಚ್ಚು ದುಡಿಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದವನೂ ಒಮ್ಮೊಮ್ಮೆ ಸೋಲುತ್ತಾನೆ. ಏನನ್ನೂ ಎಣಿಸದೆ ಆಡಿದವನು ಗೆಲ್ಲುವುದೂ ಉಂಟು. ಆಗ ಗಣಿತವೇ ಸುಳ್ಳೆಂದು ಹಳಿಯುವವರಿದ್ದಾರೆ. ಮೂರು ಸಲ ಗುರಿ ತಪ್ಪಿದ ಫಿರಂಗಿ ನಾಲ್ಕನೆಯ ಸಲ ತಪ್ಪದೆಂದು ನಂಬುವವರೂ ಇದ್ದಾರೆ. ಆದರೆ ದಾಳಕ್ಕೆ ನೆನಪಿಲ್ಲ; ಹಿಂದಿನ ಸೋಲಿಗಾಗಿ ಅದು ಮುಂದೆ ಕನಿಕರ ತೋರದು. ಹೀಗಾಗಿ ಆಯ್ಕೆ ಸರಿಯಾಗಿತ್ತೇ ಎಂಬುದನ್ನು ಒಂದು ಸಲ ದಾಳ ಬಿದ್ದ ರೀತಿಯಿಂದ ಅಳೆಯುವುದು ನ್ಯಾಯವಲ್ಲ. ಆಯ್ಕೆಮಾಡುವಾಗ ತಿಳಿದಿದ್ದುದೇನು, ಅದನ್ನು ಎಷ್ಟು ಪ್ರಾಮಾಣಿಕವಾಗಿ ತೂಗಿನೋಡಲಾಯಿತು ಎಂಬುದೇ ಅದರ ಅಳತೆಗೋಲು. ದಾಳದ ಮುಖ ಯಾರ ಅಧೀನದಲ್ಲಿಯೂ ಇಲ್ಲ. ಅದನ್ನು ಎಸೆಯುವ ಮುನ್ನ ಮಾಡುವ ವಿಚಾರ ಮಾತ್ರ ಮನುಷ್ಯನದು.